ನೋಟದ ಋಣ

ಸುಂದರವಾದುದನ್ನು ನೋಡಿ ಸಂತೋಷಪಡಲು ಯಾರ ಅನುಮತಿಯೂ ಬೇಕಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಬೆಟ್ಟ, ಹೊಳೆ, ಕಡಲು ಎಲ್ಲರ ಸೊತ್ತು. ಆದರೆ ಒಂದು ನೋಟವು ಇನ್ನೊಬ್ಬರ ನಷ್ಟದಿಂದಲೇ ಹುಟ್ಟಿದ್ದಾದರೆ? ಆಗಲೂ ನಮ್ಮ ಸಂತೋಷ ನಿರ್ದೋಷಿಯೇ?

ಹೂವಿನಹಡಗಲಿಗೆ ಕಡಲು ಬಹಳ ದೂರ. ಇಲ್ಲಿನ ಹೂವು ತುಂಗಭದ್ರೆಯಲ್ಲಿ ಹಡಗಿನ ಮೇಲೆ ಹಂಪಿಗೆ ಹೋಗುತ್ತಿತ್ತು, ಅದರಿಂದಲೇ ಊರಿಗೆ ಈ ಹೆಸರು ಬಂತು ಎಂಬ ಮಾತು ಮಾತ್ರ ಜನರ ಬಾಯಲ್ಲಿ ಉಳಿದಿದೆ. ನಮ್ಮ ಸೀಮೆಯ ಕಡಲೆಂದರೆ ತುಂಗಭದ್ರಾ ಜಲಾಶಯದ ಹಿನ್ನೀರು. ಚೈತ್ರದಲ್ಲಿ ಬೇವು ಹೂಬಿಟ್ಟಾಗ ಬುತ್ತಿ ಕಟ್ಟಿಕೊಂಡು ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿಯ ದಾರಿಯಾಗಿ ಹೊಸಪೇಟೆಯ ಅಣೆಕಟ್ಟಿನವರೆಗೆ ಹೋಗಿ ಸಂಜೆಗೆ ಮರಳುವವರಲ್ಲಿ ನಾವೂ ಸೇರಿದ್ದೇವೆ. ಬೇಸಿಗೆಗೆ ನೀರು ಹಿಂದೆ ಸರಿದಿದ್ದರೂ ಆ ವಿಸ್ತಾರ ಮನಸ್ಸನ್ನು ಹಗುರ ಮಾಡುತ್ತದೆ. ದಂಡೆಯಲ್ಲಿ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಕೆಳಗೇನಿದೆಯೆಂದು ಯಾರೂ ಕೇಳುವುದಿಲ್ಲ.

ಕೆಳಗಿರುವುದು ಊರುಗಳು. ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು 1945ರಲ್ಲಿ ಜಂಟಿಯಾಗಿ ಆರಂಭಿಸಿದ ಈ ಅಣೆಕಟ್ಟು 1953ರಲ್ಲಿ ಮುಗಿಯಿತು. ಸುಮಾರು 90 ಹಳ್ಳಿಗಳು ಮುಳುಗಿದವು. 50 ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ನಾವು ಚಹಾಕ್ಕೆಂದು ನಿಲ್ಲುವ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದವರಲ್ಲಿ ಮುಳುಗಿದ ನಾರಾಯಣದೇವರಕೆರೆಯವರೂ ಇದ್ದರು. ಮನೆ, ಹೊಲ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಎಲ್ಲವೂ ನೀರಿನಡಿ ಸೇರಿದವು.

ಈ ನೀರಿನಿಂದ ಲಕ್ಷಾಂತರ ಎಕರೆ ಹಸಿರಾಯಿತಲ್ಲ ಎಂದು ಕೇಳಬಹುದು. ನಿಜ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತವನ್ನು ನಾವೂ ಉಣ್ಣುತ್ತೇವೆ. ಆದರೆ ಕಳೆದುಕೊಂಡವರು ಒಬ್ಬರು, ಪಡೆದುಕೊಂಡವರು ಇನ್ನೊಬ್ಬರು. ಒಟ್ಟು ಲೆಕ್ಕದಲ್ಲಿ ಲಾಭ ಬಂದ ಮಾತ್ರಕ್ಕೆ ನಷ್ಟಪಟ್ಟವರ ಖಾತೆ ಚುಕ್ತಾ ಆಗುವುದಿಲ್ಲ.

ಹಾಗಾದರೆ ನೀರಿಗೆ ಬೆನ್ನು ಮಾಡಿ ಕೂರಬೇಕೆ? ಅದರಿಂದ ಯಾರಿಗೂ ಒಂದು ಗೇಣು ನೆಲ ಮರಳುವುದಿಲ್ಲ. ತಪ್ಪಿರುವುದು ನೋಡುವುದರಲ್ಲಲ್ಲ, ಮರೆತು ನೋಡುವುದರಲ್ಲಿ. ಜಪಾನಿನ ಸನ್ರಿಕು ಕರಾವಳಿ ಪ್ರವಾಸಿಗರು ಮೆಚ್ಚುವ ಚೆಲುವಿನ ತೀರ. ಅಲ್ಲಿನ ಅನೆಯೋಶಿ ಎಂಬ ಪುಟ್ಟ ಹಳ್ಳಿಯವರು 1933ರ ಸುನಾಮಿಯ ಬಳಿಕ, ಇದರ ಕೆಳಗೆ ಮನೆ ಕಟ್ಟಬೇಡಿರೆಂದು ಎಚ್ಚರಿಸುವ ಕಲ್ಲೊಂದನ್ನು ನಿಲ್ಲಿಸಿದರು. 2011ರ ಮಾರ್ಚ್ 11ರ ಸುನಾಮಿ ಆ ಕಲ್ಲಿನ ಕೆಳಗೇ ನಿಂತಿತು. ಮೇಲಿದ್ದ ಮನೆಗಳು ಉಳಿದವು. ಅಲ್ಲಿನ ದುರಂತ ಪ್ರಕೃತಿಯದು, ಇಲ್ಲಿನದು ಮನುಷ್ಯರ ತೀರ್ಮಾನ. ಆದರೆ ನೆನಪು ಕೇವಲ ಶೋಕವಲ್ಲ, ಮುಂದಿನವರ ರಕ್ಷಣೆಯೂ ಹೌದು ಎಂಬ ಪಾಠ ಎರಡಕ್ಕೂ ಒಂದೇ.

ನಮಗೆ ಆ ರಕ್ಷಣೆ ಈಗಲೂ ಬೇಕಾಗಿದೆ. 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಬೆಳೆಯ ಚಿಂತೆಯಲ್ಲಿ ಇಡೀ ಸೀಮೆಯೇ ನಿದ್ದೆಗೆಟ್ಟಿತ್ತು. ಹೂಳಿನಿಂದಾದ ನಷ್ಟ ತುಂಬಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವೂ ಬಂದಿದೆ. ರೈತನಿಗೆ ನೀರು ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಯಾರ ನೆಲ ಹೋಗುತ್ತದೆಯೋ ಅವರನ್ನು ಮೊದಲು ಕೇಳಬೇಕು. ಪರಿಹಾರ ನೀರಿಗಿಂತ ಮುಂಚೆ ಅವರ ಮನೆ ತಲುಪಬೇಕು. ಹೊಸ ನೀರಿನಲ್ಲಿ ಅವರಿಗೂ ಪಾಲಿರಬೇಕು.

ಮುಳುಗಿದ ಊರುಗಳ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವುದು ದೊಡ್ಡ ಕೆಲಸವೇನಲ್ಲ. ಆದರೆ ಆ ಹೆಸರುಗಳನ್ನು ಬಲ್ಲವನು ನಾಳೆ ಇನ್ನೊಂದು ಊರನ್ನು ಮುಳುಗಿಸುವ ಕಾಗದಕ್ಕೆ ಅಷ್ಟು ಸುಲಭವಾಗಿ ಸಹಿ ಹಾಕಲಾರ. ನೋಟದ ಋಣವನ್ನು ತೀರಿಸುವ ದಾರಿ ಅಲ್ಲಿಂದ ಆರಂಭವಾಗುತ್ತದೆ.