ಮೂಕಪ್ರಾಣಿಯ ಗುರುತು, ಒಡೆಯನ ಹೊಣೆ

ಗೃಹಸ್ಥನ ಆಶ್ರಯದಲ್ಲಿ ಬಾಳುವ ಜೀವಗಳು ಹಲವು. ಮನೆಯೊಳಗೆ ಮಕ್ಕಳು, ಮುದುಕರು, ಕೊಟ್ಟಿಗೆಯಲ್ಲಿ ದನಕರು, ಹೊಸ್ತಿಲಿನ ಬಳಿ ನಾಯಿ. ಮಗು ಜಾತ್ರೆಯಲ್ಲಿ ಕೈತಪ್ಪಿದರೆ ಅಳುತ್ತಳುತ್ತ ತಂದೆಯ ಹೆಸರನ್ನಾದರೂ ಹೇಳೀತು. ದನ ದಾರಿತಪ್ಪಿದರೆ ಅದರ ಬಣ್ಣವನ್ನೂ ಕೊಂಬನ್ನೂ ಕಂಡು ಊರವರು ಒಡೆಯನ ಮನೆಗೆ ಅಟ್ಟಿಯಾರು. ಆದರೆ ದೀಪಾವಳಿಯ ರಾತ್ರಿ ಪಟಾಕಿಯ ಸದ್ದಿಗೆ ಬೆದರಿ, ಕಟ್ಟಿದ ಹಗ್ಗವನ್ನು ಹರಿದುಕೊಂಡು, ಬೆಂಗಳೂರಿನಂಥ ಮಹಾನಗರದಲ್ಲಿ ಹತ್ತಾರು ಬೀದಿಗಳನ್ನು ದಾಟಿ ಓಡಿದ ನಾಯಿಯ ಗತಿ ಏನು? ಅದು ಕಂಡಕಂಡವರ ಮುಖವನ್ನು ನೋಡಿ ಬಾಲವಾಡಿಸೀತು. ತನ್ನ ಮನೆ ಇಂಥದೆಂದು ಹೇಳಲಾರದು. ನಿನ್ನೆಯವರೆಗೆ ಒಂದು ಮನೆಯ ಮಗುವಿನಂತಿದ್ದ ಪ್ರಾಣಿ ಬೆಳಗಾಗುವುದರೊಳಗೆ ಯಾರದೂ ಅಲ್ಲದ ಬೀದಿಯ ನಾಯಿಯಾಗುತ್ತದೆ.

ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಐತಿಹ್ಯವನ್ನು ಶರಣರ ಚರಿತ್ರೆಯನ್ನು ಓದಿದವರೆಲ್ಲರೂ ಬಲ್ಲರು. ಕುಲಮದವನ್ನು ಮುರಿಯುವುದು ಆ ಕಥೆಯ ತಾತ್ಪರ್ಯ. ಸಾಮಾನ್ಯವಾದ ನಾಯಿಗೆ ಅಂಥ ಭಾಗ್ಯವಿಲ್ಲ. ದಾರಿತಪ್ಪಿದ ದಿನ ಅದಕ್ಕೆ ಒಂದು ಕ್ಷಣದ ಮಟ್ಟಿಗೆ ಮಾತು ಬಂದಿತೆಂದು ಭಾವಿಸಿದರೆ, ಅದು ವೇದವನ್ನು ಓದುವುದಕ್ಕೆ ಮೊದಲು ತನಗೆ ಅನ್ನವಿಕ್ಕಿದವರ ಹೆಸರನ್ನೇ ಹೇಳೀತು. ಆ ಒಂದು ಮಾತನ್ನು ಅದರ ಪರವಾಗಿ ಆಡುವುದಕ್ಕೆ ಈ ಕಾಲದಲ್ಲಿ ಒಂದು ಸಾಧನ ಬಂದಿದೆ. ಅದಕ್ಕೆ ಮೈಕ್ರೋಚಿಪ್ ಎಂದು ಹೆಸರು. ನಾಯಿ ಸಾಕಿದವರು ತಮ್ಮ ನಾಯಿಗೆ ಇದನ್ನು ಹಾಕಿಸಬೇಕೆ, ಬೇಡವೆ? ಹಾಕಿಸುವುದು ದಯೆಯೋ, ಹಿಂಸೆಯೋ? ಇದು ನಮ್ಮ ಗೃಹಸ್ಥರ ಮುಂದೆಯೂ ಬಂದು ನಿಂತಿರುವ ಪ್ರಶ್ನೆಯಾದುದರಿಂದ ವಿಚಾರಾರ್ಹವಾಗಿದೆ.

ಮೊದಲು ಆ ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಅದು ಒಂದು ಅಕ್ಕಿಕಾಳಿನಷ್ಟು, ಎಂದರೆ ಸುಮಾರು 12 ಮಿಲಿಮೀಟರು ಉದ್ದದ, ಗಾಜಿನ ಸಣ್ಣ ಕೊಳವೆ. ಪಶುವೈದ್ಯನು ದಪ್ಪನೆಯ ಒಂದು ಸೂಜಿಯಿಂದ ನಾಯಿಯ ಎರಡು ಹೆಗಲುಗಳ ನಡುವೆ, ಚರ್ಮದ ಕೆಳಗೆ, ಅದನ್ನು ಸೇರಿಸುತ್ತಾನೆ. ಅದರಲ್ಲಿ ಬ್ಯಾಟರಿಯಿಲ್ಲ, ಅದು ತಾನಾಗಿ ಏನನ್ನೂ ಸಾರುವುದಿಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಮಾತ್ರ, ಆ ಯಂತ್ರದ ಶಕ್ತಿಯಿಂದಲೇ ಎಚ್ಚೆತ್ತು, ಒಂದು ಸಂಖ್ಯೆಯನ್ನು ತಿಳಿಸುತ್ತದೆ. ಅಂತರರಾಷ್ಟ್ರೀಯ ಕ್ರಮದಂತೆ ಆ ಸಂಖ್ಯೆ 15 ಅಂಕಿಗಳದು. ಒಡೆಯನ ಹೆಸರಾಗಲಿ, ವಿಳಾಸವಾಗಲಿ ಅದರೊಳಗೆ ಇರುವುದಿಲ್ಲ. ಅವೆಲ್ಲ ಇರುವುದು ನೋಂದಣಿ ಮಾಡುವ ಸಂಸ್ಥೆಯ ದಾಖಲೆಯಲ್ಲಿ. ನಾಯಿ ಎಲ್ಲಿದೆಯೆಂದು ಅದು ದೂರದಿಂದ ತೋರಿಸುತ್ತದೆಂದು ಹಲವರು ನಂಬಿದ್ದಾರೆ. ಅದು ತಪ್ಪು ತಿಳಿವಳಿಕೆ. ನಾಯಿ ಯಾರದಾದರೂ ಕೈಗೆ ಸಿಕ್ಕಿ, ಅವರು ಅದನ್ನು ಯಂತ್ರವಿರುವಲ್ಲಿಗೆ ಒಯ್ದಾಗಲೇ ಅದರ ಪ್ರಯೋಜನ.

ನಮ್ಮ ರೈತರಿಗೆ ಈ ಕ್ರಮ ತೀರ ಹೊಸದಲ್ಲ. ಇಂದು ಹಳ್ಳಿಗಳಲ್ಲಿ ಹಸು ಎಮ್ಮೆಗಳ ಕಿವಿಯಲ್ಲಿ 12 ಅಂಕಿಗಳ ಹಳದಿಯ ಬಿಲ್ಲೆ ಕಾಣುತ್ತದೆ. ಸಂತಾನಶಕ್ತಿಹರಣ ಮಾಡಿ ಬಿಟ್ಟ ಬೀದಿನಾಯಿಯ ಕಿವಿಯ ಅಂಚನ್ನು ಕತ್ತರಿಸಿ ಗುರುತುಮಾಡುವ ಪದ್ಧತಿಯೂ ಇದೆ. ಬಿಲ್ಲೆಯೂ ಕಿವಿಯ ಕಚ್ಚೂ ಕಣ್ಣಿಗೆ ಕಾಣುವ ಗುರುತುಗಳು. ಮೈಕ್ರೋಚಿಪ್ ಕಣ್ಣಿಗೆ ಕಾಣದ ಗುರುತು.

ಈ ಗುರುತನ್ನು ಕೆಲವು ದೇಶಗಳು ಕಾನೂನಿನಿಂದಲೇ ವಿಧಿಸಿವೆ. ಇಂಗ್ಲೆಂಡಿನಲ್ಲಿ 2016ನೆಯ ಏಪ್ರಿಲ್ 6ರಿಂದ, ಎಂಟು ವಾರ ತುಂಬಿದ ಪ್ರತಿಯೊಂದು ನಾಯಿಗೂ ಮೈಕ್ರೋಚಿಪ್ ಇರಬೇಕೆಂಬ ನಿಯಮ ಜಾರಿಗೆ ಬಂದಿತು. ಇಲ್ಲದಿದ್ದಲ್ಲಿ ಒಡೆಯನಿಗೆ ನೋಟೀಸು ಕೊಟ್ಟು 21 ದಿನಗಳ ಅವಕಾಶ ಕೊಡುತ್ತಾರೆ. ಆಗಲೂ ಮಾಡಿಸದಿದ್ದರೆ 500 ಪೌಂಡುಗಳವರೆಗೆ ದಂಡ. 2024ರ ಜೂನ್ 10ರಿಂದ ಬೆಕ್ಕುಗಳಿಗೂ ಇದೇ ವಿಧಿ ಬಂದಿತು. ಇಷ್ಟು ಕಟ್ಟುನಿಟ್ಟೇಕೆ ಎಂದು ಕೇಳುವವರು ಅದೇ ದೇಶದ ಇನ್ನೊಂದು ಕಾನೂನನ್ನು ಗಮನಿಸಬೇಕು. ಅಲ್ಲಿ ಸ್ಥಳೀಯ ಆಡಳಿತದವರು ಹಿಡಿದ ಬೀಡಾಡಿ ನಾಯಿಯನ್ನು ಒಡೆಯನಿಗಾಗಿ ಏಳು ದಿನ ಇಟ್ಟುಕೊಳ್ಳುತ್ತಾರೆ. ಏಳು ದಿನ ಕಳೆದೂ ಯಾರೂ ಬಾರದಿದ್ದರೆ ಅದನ್ನು ಬೇರೆಯವರಿಗೆ ಕೊಡಬಹುದು. ಇಲ್ಲವೆ ಕೊಲ್ಲಿಸಲೂ ಬಹುದು. ಒಂದು ಊರಿನಲ್ಲಿ ಒಡೆಯನು ಬೀದಿಬೀದಿ ಅಲೆದು ಕೂಗುತ್ತಿರುವಾಗ, ಇನ್ನೊಂದು ಊರಿನ ಪಂಜರದಲ್ಲಿ ಆತನ ನಾಯಿಯ ಏಳು ದಿನಗಳು ಒಂದೊಂದಾಗಿ ಮುಗಿಯುತ್ತಿರಬಹುದು. ಇಬ್ಬರ ನಡುವೆ ಇಲ್ಲದಿರುವುದು ಪ್ರೀತಿಯಲ್ಲ. ಒಂದು ಗುರುತು ಮಾತ್ರ.

ಇದರ ಫಲವೇನು ಎಂಬುದಕ್ಕೂ ಆಧಾರವುಂಟು. ಅಮೇರಿಕದ ಪಶುವೈದ್ಯರ ಪತ್ರಿಕೆಯೊಂದರಲ್ಲಿ 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 23 ರಾಜ್ಯಗಳ 53 ಪ್ರಾಣಿ ಆಶ್ರಯಗಳಲ್ಲಿ ಅದನ್ನು ನಡೆಸಿದ್ದರು. ಅಲ್ಲಿಗೆ ಬಂದ ಬೀಡಾಡಿ ನಾಯಿಗಳಲ್ಲಿ ಒಟ್ಟಾರೆ ನೂರಕ್ಕೆ ಸುಮಾರು 22 ಮಾತ್ರ ಮರಳಿ ಮನೆ ಸೇರಿದವು. ಮೈಕ್ರೋಚಿಪ್ ಇದ್ದವುಗಳಲ್ಲಿ ನೂರಕ್ಕೆ ಸುಮಾರು 52 ಮನೆ ಸೇರಿದವು. ಲಾಭ ಸ್ಪಷ್ಟವಾಗಿದೆ. ಆದರೆ ವಿಚಾರವಂತನು ಇಲ್ಲಿಗೇ ನಿಲ್ಲದೆ ಮತ್ತೊಂದು ಪ್ರಶ್ನೆಯನ್ನು ಕೇಳಬೇಕು: ಗುರುತಿದ್ದೂ ಉಳಿದ 48 ನಾಯಿಗಳು ಮನೆ ಸೇರಲಿಲ್ಲವೇಕೆ? ಅದೇ ಅಧ್ಯಯನದಲ್ಲಿ ಅದಕ್ಕೂ ಉತ್ತರವಿದೆ. ಒಡೆಯರು ಸಿಗದಿದ್ದ ಸಂದರ್ಭಗಳಲ್ಲಿ ಮೊದಲನೆಯ ಕಾರಣ, ದಾಖಲೆಯಲ್ಲಿದ್ದ ದೂರವಾಣಿ ಸಂಖ್ಯೆ ತಪ್ಪಾಗಿದ್ದುದು ಅಥವಾ ಕಡಿದುಹೋಗಿದ್ದುದು. ಸಂಖ್ಯೆಯನ್ನು ನೋಂದಾಯಿಸದೆಯೇ ಬಿಟ್ಟವರೂ ಇದ್ದರು. ನಾಯಿ ತನ್ನ ಪಾಲಿನ ನೋವನ್ನು ಉಂಡಿತ್ತು. ಒಡೆಯನು ತನ್ನ ಪಾಲಿನ ಕೆಲಸವನ್ನು ಮರೆತಿದ್ದನು.

ಶರಣರ ಬೋಧೆಯನ್ನು ಮನನಮಾಡಿದವರಿಗೆ ಈ ಸಂಗತಿಯ ಮರ್ಮ ಬೇಗನೆ ಹೊಳೆಯುತ್ತದೆ. ಲಾಂಛನ ಬೇಡವೆಂದು ಶರಣರು ಹೇಳಲಿಲ್ಲ. ಆಚಾರವಿಲ್ಲದ ಲಾಂಛನವನ್ನು ಅವರು ಒಪ್ಪಲಿಲ್ಲ. ಮೈಮೇಲಿನ ಗುರುತಿಗೆ ತಕ್ಕ ನಡತೆ ಒಳಗಿಲ್ಲದಿದ್ದರೆ ಆ ಗುರುತು ಹೊರೆಯೇ ಸರಿ. ಪೂಜ್ಯವಾದ ಲಾಂಛನವನ್ನು ಒಂದು ಲೌಕಿಕ ಸಾಧನದೊಡನೆ ಸಮಗಟ್ಟುವುದು ಇಲ್ಲಿಯ ಉದ್ದೇಶವಲ್ಲ. ಎರಡಕ್ಕೂ ಅನ್ವಯಿಸುವ ನ್ಯಾಯ ಒಂದೇ ಎಂಬುದಷ್ಟೇ ಮಾತು. ಮನೆ ಬದಲಾಯಿಸಿದಾಗ, ದೂರವಾಣಿ ಬದಲಾಯಿಸಿದಾಗ, ನಾಯಿಯನ್ನು ಇನ್ನೊಬ್ಬರಿಗೆ ಕೊಟ್ಟಾಗ ದಾಖಲೆಯನ್ನು ತಿದ್ದಿಸದವನ ನಾಯಿಯ ಮೈಯಲ್ಲಿರುವುದು ಬರಿಯ ಗಾಜಿನ ಕಾಳು. 2025ರಲ್ಲಿ ಅಮೇರಿಕದ ಒಂದು ನೋಂದಣಿ ಸಂಸ್ಥೆ ಹಠಾತ್ತಾಗಿ ಬಾಗಿಲು ಮುಚ್ಚಿತು. ಅದನ್ನು ನಂಬಿದ್ದವರು ಅದೇ ಸಂಖ್ಯೆಯನ್ನು ಬೇರೆ ಕಡೆ ಹೊಸದಾಗಿ ನೋಂದಾಯಿಸಬೇಕಾಯಿತು. ಒಮ್ಮೆ ಹಾಕಿಸಿದೆವು, ಇನ್ನು ಚಿಂತೆಯಿಲ್ಲ ಎಂಬ ಭಾವನೆ ಸಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ಈ ಪದ್ಧತಿಗೆ ಬರುವ ಆಕ್ಷೇಪಗಳನ್ನು ಪರಿಶೀಲಿಸಬೇಕು.

ಮೊದಲನೆಯ ಪೂರ್ವಪಕ್ಷ: ಮಾತು ಬಾರದ ಪ್ರಾಣಿಯ ಮೈಗೆ ಅದರ ಒಪ್ಪಿಗೆಯಿಲ್ಲದೆ ಸೂಜಿ ಚುಚ್ಚಿ, ಪರವಸ್ತುವನ್ನು ಸೇರಿಸುವುದು ಹಿಂಸೆಯಲ್ಲವೆ? ಇದು ದಯಾವಂತರ ಬಾಯಿಂದ ಬರುವ ಮಾತಾದುದರಿಂದ ಹಗುರಾಗಿ ತಳ್ಳುವಂತಿಲ್ಲ. ಸೂಜಿ ಸಾಮಾನ್ಯ ಚುಚ್ಚುಮದ್ದಿನ ಸೂಜಿಗಿಂತ ದಪ್ಪನೆಯದು. ನೋವು ಕ್ಷಣಿಕವಾದರೂ ನೋವೇ. ಕೆಲವೊಮ್ಮೆ ಕಾಳು ಇಟ್ಟ ಸ್ಥಳದಿಂದ ಜಾರುವುದುಂಟು. ಅಪರೂಪವಾಗಿ ಬಾವು, ಕೀವು ಕಾಣಿಸುವುದೂ ಉಂಟು. ಆದರೆ ಹಿಂಸೆಯನ್ನು ನೋವಿನಿಂದ ಮಾತ್ರ ಅಳೆಯಲಾಗದು. ಅದು ಯಾರ ಹಿತಕ್ಕಾಗಿ ಎಂಬುದನ್ನೂ ನೋಡಬೇಕು. ಹುಚ್ಚುನಾಯಿ ರೋಗಕ್ಕೆ ಚುಚ್ಚುಮದ್ದು ಹಾಕಿಸುವಾಗ ನಾಯಿಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ತಾಯಿಯೂ ಕೂಸಿನ ಒಪ್ಪಿಗೆಯನ್ನು ಕೇಳಿ ಸಿಡುಬಿಗೆ ದಾಕು ಹಾಕಿಸಿದವಳಲ್ಲ. ಚೆಂದಕ್ಕಾಗಿ ನಾಯಿಯ ಕಿವಿ ಬಾಲಗಳನ್ನು ಕತ್ತರಿಸುವುದು ಹಿಂಸೆ. ಅದರಿಂದ ತಣಿಯುವುದು ಒಡೆಯನ ಕಣ್ಣು. ದಾರಿತಪ್ಪಿದ ದಿನ ಮನೆ ಸೇರಲೆಂದು ಒಂದು ಕ್ಷಣ ನೋಯಿಸುವುದು ಬೇರೆ. ಅದರಿಂದ ಉಳಿಯುವುದು ನಾಯಿಯ ಬಾಳು. ಈ ಭೇದವನ್ನು ತಿಳಿದವನಿಗೆ ಸಂದೇಹವುಳಿಯದು.

ಎರಡನೆಯ ಪೂರ್ವಪಕ್ಷ: ಕೊರಳಿನ ಪಟ್ಟಿಗೆ ಹೆಸರು, ದೂರವಾಣಿ ಸಂಖ್ಯೆ ಬರೆದು ಕಟ್ಟಿದರೆ ಸಾಲದೆ? ಪಟ್ಟಿ ಒಳ್ಳೆಯದೇ, ಅದನ್ನು ಬಿಡತಕ್ಕದ್ದಲ್ಲ. ಅಕ್ಷರ ಬಲ್ಲ ಯಾವ ದಾರಿಹೋಕನಾದರೂ ಅದನ್ನು ಓದಬಲ್ಲನು. ಮೈಕ್ರೋಚಿಪ್ಪನ್ನು ಓದಲು ಯಂತ್ರವೇ ಬೇಕು. ಯಂತ್ರವಿಲ್ಲದ ಊರಿನಲ್ಲಿ ಪಟ್ಟಿಯೇ ಗತಿ. ಆದರೆ ಪಟ್ಟಿ ಬೇಲಿಗೆ ಸಿಕ್ಕಿ ಕಳಚೀತು. ಕದ್ದವನು ಅದನ್ನು ಮೊದಲು ಬಿಚ್ಚಿ ಎಸೆಯುತ್ತಾನೆ. ಚರ್ಮದೊಳಗಿನ ಗುರುತು ಕಳಚುವುದಿಲ್ಲ. ಇಬ್ಬರು ಒಂದೇ ನಾಯಿಗಾಗಿ ವ್ಯಾಜ್ಯಮಾಡಿದಾಗ ಅದು ಸಾಕ್ಷಿಯಾಗಿ ನಿಲ್ಲುತ್ತದೆ. ಆದಕಾರಣ ಒಂದಕ್ಕೆ ಒಂದು ಪೂರಕವೇ ಹೊರತು ಬದಲಿಯಲ್ಲ. ನಾಯಿಯೊಡನೆ ವಿದೇಶಕ್ಕೆ ಹೋಗಿ ನೆಲಸುವ ಕನ್ನಡಿಗರಿಗಂತೂ ಈ ಚರ್ಚೆಗೆ ಅವಕಾಶವೇ ಇಲ್ಲ. ಯೂರೋಪಿನ ಒಕ್ಕೂಟದ ದೇಶಗಳು ಮೈಕ್ರೋಚಿಪ್ ಇಲ್ಲದೆ ಹೊರಗಿನ ನಾಯಿಯನ್ನು ಒಳಗೆ ಬಿಡುವುದಿಲ್ಲ. ಹುಚ್ಚಿನ ಚುಚ್ಚುಮದ್ದು ಕೂಡ ಅದರ ಅನಂತರವೇ ಆಗಿರಬೇಕು. ಗುರುತಿಲ್ಲದ ನಾಯಿಯ ಚುಚ್ಚುಮದ್ದು ಯಾವ ನಾಯಿಯದೆಂದು ಹೇಳುವರಾರು?

ಮೂರನೆಯ ಪೂರ್ವಪಕ್ಷ ಇನ್ನೂ ಆಳವಾದುದು: ಇದು ಮಮಕಾರವಲ್ಲವೆ? ಶಿವನ ಸೃಷ್ಟಿಯಾದ ಒಂದು ಜೀವದ ಮೈಯೊಳಗೆ ಇದು ನನ್ನದು ಎಂದು ಮುದ್ರೆಯೊತ್ತಲು ಮನುಷ್ಯನಾರು? ಪಾತ್ರೆಯ ಮೇಲೆ ಹೆಸರು ಕೆತ್ತಿಸಿದಂತೆ ನಾಯಿಯ ಮೇಲೂ ಹೆಸರು ಕೆತ್ತಿಸಬೇಕೆ?

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆ ಸಂಖ್ಯೆ ಯಾರನ್ನು ಕಟ್ಟುತ್ತದೆಂಬುದನ್ನು ಸೂಕ್ಷ್ಮವಾಗಿ ನೋಡಬೇಕು. ನಾಯಿ ಅದರಿಂದ ಬದ್ಧವಾಗುವುದಿಲ್ಲ, ಮೊದಲಿನಂತೆಯೇ ಓಡಾಡುತ್ತದೆ. ಬದ್ಧನಾಗುವವನು ಒಡೆಯ. ನಾಯಿ ಯಾರನ್ನಾದರೂ ಕಚ್ಚಿದರೆ ಉತ್ತರ ಹೇಳಬೇಕಾದವನು ಯಾರೆಂದು ಅದು ತೋರಿಸುತ್ತದೆ. ಮುಪ್ಪಾಯಿತೆಂದೋ, ರೋಗ ಬಂದಿತೆಂದೋ, ಬಾಡಿಗೆಯ ಮನೆ ಬದಲಾಯಿಸಿದೆವೆಂದೋ ದೂರದ ಊರಿನ ಹೆದ್ದಾರಿಯಲ್ಲಿ ನಾಯಿಯನ್ನು ಇಳಿಸಿ ಬರುವವರಿದ್ದಾರೆ. ಅಂಥವರ ಹೆಸರನ್ನು ಅದು ಮೌನವಾಗಿ ಹೇಳುತ್ತದೆ. ಹೀಗಿರುವಲ್ಲಿ ಅದು ಒಡೆತನದ ಮುದ್ರೆ ಎನ್ನುವುದಕ್ಕಿಂತ ಹೊಣೆಗಾರಿಕೆಯ ಪತ್ರ ಎನ್ನುವುದು ಸರಿ. ನಾಯಿ ನನ್ನದು ಎಂಬ ಮಾತಿನಲ್ಲಿ ಮಮಕಾರವುಂಟು. ನಾನು ಈ ನಾಯಿಗೆ ಹೊಣೆ ಎಂಬ ಮಾತಿನಲ್ಲಿ ದಾಸೋಹಭಾವವುಂಟು. ಎರಡನೆಯ ಮಾತನ್ನು ಆಡಲು ಸಿದ್ಧನಾದವನು ಗುರುತಿಗೆ ಹೆದರುವುದಿಲ್ಲ.

ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಹಿಂದೆ ಉಳಿದುದು ಒಂದು ನಾಯಿ. ಇಂದ್ರನು ರಥವನ್ನು ತಂದು, ನಾಯಿಯನ್ನು ಬಿಟ್ಟು ಏರು ಎಂದಾಗ ಧರ್ಮರಾಯನು ಸ್ವರ್ಗವನ್ನೇ ಬೇಡವೆಂದನು. ಆ ನಾಯಿಯನ್ನು ಆತನು ಸಾಕಿದವನಲ್ಲ, ಕೊಂಡವನೂ ಅಲ್ಲ. ನಂಬಿ ಬೆನ್ನುಹತ್ತಿ ಬಂದುದನ್ನು ಕೈಬಿಡಲಾಗದೆಂಬುದೊಂದೇ ಆತನ ವಾದ. ಹಕ್ಕಿಲ್ಲದೆಯೂ ಹೊಣೆಯನ್ನು ಹೊತ್ತವನು ಆತ. ನಮ್ಮಲ್ಲಿ ಬೆಲೆಕೊಟ್ಟು ತಂದು, ಮಕ್ಕಳ ಹೆಸರಿಟ್ಟು, ಮಡಿಲಲ್ಲಿ ಕೂರಿಸಿಕೊಂಡವರು ಅದಕ್ಕಿಂತ ಕಡಿಮೆಯ ಹೊಣೆಯನ್ನು ಹೊರುವುದು ತರವೆ?

ಆದರೂ ಒಂದು ವಿವೇಕ ಅವಶ್ಯ. ಹಳ್ಳಿಯ ಓಣಿಗಳಲ್ಲಿ ಒಂದು ಮನೆಗೆ ಸೇರದೆ, ನಾಲ್ಕು ಮನೆಯ ರೊಟ್ಟಿ ತಿಂದು, ಇಡೀ ಓಣಿಯನ್ನು ಕಾಯುವ ನಾಯಿಗಳಿವೆ. ಅವು ಓಣಿಯ ನಾಯಿಗಳು. ಯಾರ ಹೆಸರಿನಲ್ಲಿ ಅವುಗಳ ಸಂಖ್ಯೆಯನ್ನು ಬರೆಸಬೇಕು? ಅವಕ್ಕೆ ಮೊದಲು ಬೇಕಾದುದು ಹುಚ್ಚುರೋಗದ ಚುಚ್ಚುಮದ್ದು, ಕುಡಿಯಲು ನೀರು, ಕಲ್ಲೆಸೆಯದ ಕೈ. ಕೈಯಲ್ಲಿ ಹಣ ಅಲ್ಪವಿದ್ದವನು ಚುಚ್ಚುಮದ್ದನ್ನು ಬಿಟ್ಟು ಮೈಕ್ರೋಚಿಪ್ ಹಾಕಿಸುವುದು ಕ್ರಮವಲ್ಲ. ಪ್ರಾಣವುಳಿಸುವುದು ಮೊದಲು, ಗುರುತು ಅನಂತರ. ಈ ಲೇಖನದ ವಿಧಿ ಅನ್ವಯಿಸುವುದು ಒಂದು ಮನೆಯನ್ನೇ ಜಗತ್ತೆಂದು ನಂಬಿದ ನಾಯಿಗೆ, ಅದನ್ನು ಹಾಗೆ ನಂಬಿಸಿದ ಗೃಹಸ್ಥನಿಗೆ.

ಆದಕಾರಣ ಸಿದ್ಧಾಂತವಿಷ್ಟು. ನಾಯಿಯನ್ನು ಸಾಕಿದವನು ಅದಕ್ಕೆ ಮೈಕ್ರೋಚಿಪ್ ಹಾಕಿಸುವುದು ಉಚಿತ. ಕೊರಳಿನ ಪಟ್ಟಿಯನ್ನು ಬಿಡದಿರುವುದು ಉಚಿತ. ವರ್ಷಕ್ಕೊಮ್ಮೆ ಚುಚ್ಚುಮದ್ದಿಗೆ ಒಯ್ದಾಗ ಸಂಖ್ಯೆಯನ್ನು ಯಂತ್ರದಿಂದ ಓದಿಸಿ, ದಾಖಲೆಯಲ್ಲಿ ತನ್ನ ವಿಳಾಸವೂ ದೂರವಾಣಿಯೂ ಸರಿಯಾಗಿವೆಯೆ ಎಂದು ನೋಡಿಕೊಳ್ಳುವುದು ಎಲ್ಲಕ್ಕಿಂತ ಉಚಿತ. ಸೂಜಿಯ ಕೆಲಸ ಒಂದು ಕ್ಷಣದ್ದು. ಒಡೆಯನ ಕೆಲಸ ನಾಯಿಯ ಆಯುಷ್ಯವಿರುವವರೆಗಿನದು. ದಯೆಯೆಂಬುದು ಮರುಗುವುದರಲ್ಲಿ ಮುಗಿಯದೆ ಇಂಥ ಸಣ್ಣ ಸಣ್ಣ ಕೆಲಸಗಳಲ್ಲಿ ನಡತೆಯಾಗಿ ಕಾಣಬೇಕು. ಎಲ್ಲಿಯೋ ಅಪರಿಚಿತರ ನಡುವೆ ನಡುಗುತ್ತ ನಿಂತ ಒಂದು ಮೂಕಪ್ರಾಣಿಯ ಹೆಗಲ ಮೇಲೆ ಯಾರೋ ಯಂತ್ರವನ್ನು ಹಿಡಿದಾಗ, ಅದರ ಪರವಾಗಿ ಹೊರಡುವ ಹೆಸರು ಕರೆದರೆ ಓಗೊಡುವವನ ಹೆಸರಾಗಿರಲಿ.