ಒಲಿಸಿಕೊಳ್ಳಲು ತೊಟ್ಟ ರೂಪ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಯ ಹಳ್ಳಿಗಳಲ್ಲಿ ಹೆಣ್ಣು ಕೇಳಲು ಹೋದವರಿಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: 'ಹುಡ್ಗ ಎಲ್ಲಿ ಕೆಲ್ಸದಲ್ಲವ್ನೆ?' ಬೆಂಗಳೂರು ಎಂದರೆ ಮಾತು ಮುಂದುವರಿಯುತ್ತದೆ. ಪೀಣ್ಯವೂ ಆದೀತು. ದಾಬಸ್‌ಪೇಟೆಯ ಫ್ಯಾಕ್ಟರಿ ಎಂದರೆ, ಪರ್ಮನೆಂಟಾ ಎಂಬ ಮರುಪ್ರಶ್ನೆ. 'ಊರಲ್ಲೇ ಅವ್ನೆ, ಜಮೀನು ನೋಡ್ಕೊತಾನೆ' ಎಂದುಬಿಟ್ಟರೆ ಎದುರಿನವರು ಜಾತಕದ ನೆಪ ಹುಡುಕತೊಡಗುತ್ತಾರೆ. ಬೆಂಗಳೂರಿನ ಮಗ್ಗುಲಿನ ಈ ಸೀಮೆಯಲ್ಲಿ ಜಮೀನಿನ ಬೆಲೆ ಏರಿದೆ, ಅದನ್ನು ಉಳುವವನ ಬೆಲೆ ಇಳಿದಿದೆ.

ಹಾಗಾಗಿ ಹುಡುಗರು ಬದಲಾಗುತ್ತಾರೆ. ನೆಲಮಂಗಲದ ಆಚೆ ಎಲ್ಲೋ ರೂಮು ಮಾಡುತ್ತಾರೆ, ಸಿಕ್ಕಿದ ಕೆಲಸ ಹಿಡಿಯುತ್ತಾರೆ. ಬಯೋಡಾಟಾದಲ್ಲಿ ರಾಗಿ ಹೊಲ 'ಫಾರ್ಮ್ ಲ್ಯಾಂಡ್' ಆಗುತ್ತದೆ. 'ಬತ್ತೀನಿ' ಎನ್ನುತ್ತಿದ್ದ ನಾಲಿಗೆ 'ಬರ್ತೀನಿ'ಗೆ ಹೊರಳುತ್ತದೆ. ಮೆಚ್ಚಿಸಬೇಕಾದ ಹುಡುಗಿ ಯಾರೆಂದು ಇನ್ನೂ ಗೊತ್ತಿಲ್ಲ. ಅವಳಿಗೆ ಮೆಚ್ಚುಗೆಯಾಗುವ ಗಂಡು ಮಾತ್ರ ಆಗಲೇ ತಯಾರಾಗುತ್ತಿದ್ದಾನೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಮದುವೆಯಾಗಲೆಂದು ಹರಸಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದಾಗ ಎಷ್ಟೋ ಜನ ನಕ್ಕರು. ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದನ್ನು ಅವರು ಹಾಡಹಗಲಲ್ಲಿ, ರಸ್ತೆಯ ಮೇಲೆ, ತಾವು ಯಾರೆಂದು ಮುಚ್ಚಿಡದೆ ಹೇಳಿದರು ಎಂಬ ಕಡೆಗೆ ಹೆಚ್ಚು ಜನರ ಗಮನ ಹೋಗಲಿಲ್ಲ.

ಒಬ್ಬರ ಒಲವಿಗಾಗಿ ತನ್ನನ್ನು ತಾನು ಹೊಸದಾಗಿ ಮಾಡಿಕೊಳ್ಳುವುದು ಸರಿಯೆ? 'ನೀನು ನೀನಾಗಿಯೇ ಇರು, ಒಪ್ಪುವವರು ಒಪ್ಪಲಿ' ಎಂಬುದು ಸುಲಭವಾಗಿ ಸಿಗುವ ಉತ್ತರ. ಕೇಳಲು ಚೆಂದ, ಆದರೆ ನಾವು ಯಾರೂ ಹಾಗೆ ಮುಗಿದ ಮೂರ್ತಿಗಳಲ್ಲ. ಹೆಂಡತಿ ಕೇಳಿದಳೆಂದು ಕುಡಿತ ಬಿಟ್ಟವನು, ಗೆಳತಿ ಓದುತ್ತಾಳೆಂದು ತಾನೂ ಪುಸ್ತಕ ಹಿಡಿದವನು ಸುಳ್ಳು ಬದುಕು ಬದುಕುತ್ತಿದ್ದಾನೆ ಎಂದು ಯಾರೂ ಹೇಳಲಾರರು. ಪ್ರೀತಿಗೆ ಮನುಷ್ಯನನ್ನು ಬದಲಿಸುವ ಶಕ್ತಿ ಇಲ್ಲದಿದ್ದರೆ ಅದರ ಬಗ್ಗೆ ಇಷ್ಟು ಕಾವ್ಯ ಹುಟ್ಟುತ್ತಲೂ ಇರಲಿಲ್ಲ. ಬದಲಾವಣೆಯಲ್ಲೂ ಬಗೆಗಳಿವೆ, ಅವನ್ನು ಬೇರ್ಪಡಿಸಿ ನೋಡಬೇಕು.

ಇದೇ ನೆಲಮಂಗಲ ತಾಲ್ಲೂಕಿನಲ್ಲಿ, ದಾಬಸ್‌ಪೇಟೆಯ ಹತ್ತಿರ ಸುಮಾರು 4,500 ಅಡಿ ಎತ್ತರದ ಶಿವಗಂಗೆ ಬೆಟ್ಟವಿದೆ. ಮಕರ ಸಂಕ್ರಾಂತಿಯ ದಿನ ಬೆಟ್ಟದ ನೆತ್ತಿಯ ತೀರ್ಥಕಂಬದಲ್ಲಿ ಗಂಗೆ ಉಕ್ಕುತ್ತಾಳೆಂಬ ನಂಬಿಕೆ. ಆ ತೀರ್ಥವನ್ನು ಇಳಿಸಿ ತಂದು ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಮದುವೆ ಮಾಡುತ್ತಾರೆ. ಸುತ್ತಿನ ಹಳ್ಳಿಗಳ ಜನ ವರ್ಷ ವರ್ಷ ನೋಡುವ ಈ ಗಿರಿಜಾ ಕಲ್ಯಾಣದ ಹಿಂದಿನ ಕಥೆಯೇ ಒಬ್ಬಳು ಒಬ್ಬನನ್ನು ಒಲಿಸಿಕೊಳ್ಳಲು ತನ್ನನ್ನು ಪೂರಾ ಬದಲಿಸಿಕೊಂಡ ಕಥೆ. ಕನ್ನಡದಲ್ಲಿ ಹರಿಹರ ಇದನ್ನು ಚಂಪೂಕಾವ್ಯವಾಗಿಸಿದ. ಅವನಿಗಿಂತ ಬಹಳ ಹಿಂದೆ ಕಾಳಿದಾಸ 'ಕುಮಾರಸಂಭವ'ದಲ್ಲಿ ಹೇಳಿದ್ದ.

ಕಾಳಿದಾಸನ ಗಿರಿಜೆ ಎರಡು ಸಲ ಪ್ರಯತ್ನಿಸುತ್ತಾಳೆ. ಮೊದಲ ಸಲ ಅವಳ ಹಿಂದೆ ಇಡೀ ದೇವಲೋಕವಿದೆ. ತಾರಕಾಸುರನನ್ನು ಕೊಲ್ಲಲು ಶಿವನ ಮಗ ಬೇಕು, ಅದಕ್ಕೆ ಇಂದ್ರ ಮನ್ಮಥನನ್ನು ಕಳಿಸುತ್ತಾನೆ, ಕಾಲವಲ್ಲದ ಕಾಲದಲ್ಲಿ ವಸಂತ ಬರುತ್ತದೆ. ಆ ಕ್ಷಣ ಶಿವನ ಮನಸ್ಸು ಅಲುಗದೇ ಇರಲಿಲ್ಲ. ಅಲುಗಿತು; ಅಲುಗಿಸಿದವರು ಯಾರೆಂದು ಅವನು ಕಣ್ಣೆತ್ತಿ ನೋಡಿದ. ಮನ್ಮಥ ಬೂದಿಯಾದ. ಅವಳ ಚೆಲುವಿನಲ್ಲಿ ಕೊರತೆ ಇರಲಿಲ್ಲ. ಅದನ್ನು ಇನ್ಯಾರೋ ತಮ್ಮ ಕೆಲಸಕ್ಕೆ ಹೂಡಿದ್ದರು, ಅಷ್ಟೆ.

ಎರಡನೆಯ ಸಲ ಅವಳು ಒಬ್ಬಳೇ. ನಾರುಡೆ ಉಟ್ಟಳು, ಜಡೆಗಟ್ಟಿದಳು, ಉದುರಿದ ಎಲೆಯನ್ನೂ ತಿನ್ನದೆ ಅಪರ್ಣೆಯಾದಳು. ಇದು ಕೂಡ ಒಲಿಸಿಕೊಳ್ಳಲೆಂದೇ ಮಾಡಿದ ಬದಲಾವಣೆ. ಆದರೆ ಅವಳು ಅದನ್ನು ಎಲ್ಲರ ಕಣ್ಣೆದುರು ಮಾಡಿದಳು. ತಾಯಿ ಬೇಡವೆಂದಳು, ತಂದೆ ಒಪ್ಪಿದ, ಸಖಿಯರು ಜೊತೆಗಿದ್ದರು. ಯಾಕೆ, ಯಾರಿಗಾಗಿ ಎಂಬುದು ಅವರಿಗೆಲ್ಲ ಗೊತ್ತಿತ್ತು. ಆಮೇಲೆ ವೇಷ ಹಾಕುವ ಸರದಿ ಶಿವನದು. ಬ್ರಹ್ಮಚಾರಿಯಾಗಿ ಬಂದು ಶಿವನನ್ನೇ ಹಳಿಯುತ್ತಾನೆ: ಹುಟ್ಟು ಗೊತ್ತಿಲ್ಲ, ಮೈಯೆಲ್ಲ ಬೂದಿ, ಕೈಗೆ ಹಾವು ಸುತ್ತಿಕೊಂಡವನು, ಅವನನ್ನು ಕಟ್ಟಿಕೊಳ್ಳುತ್ತೀಯಾ? ಅವಳು ಜಗಳವಾಡಿ ಎದ್ದು ಹೊರಡುತ್ತಾಳೆ. ಹೊರಟ ಹೆಜ್ಜೆ ನೆಲಕ್ಕೆ ತಾಗುವ ಮೊದಲೇ ಅವನು ನಿಜರೂಪದಲ್ಲಿ ನಿಂತಿರುತ್ತಾನೆ. ದೇವರಾದರೂ ಸರಿ, ಕೈಹಿಡಿಯುವ ಮೊದಲು ಅವನು ವೇಷ ಕಳಚಿದ. ನನಗೆ ಈ ಕಥೆಯ ಅತ್ಯಂತ ಸೂಕ್ಷ್ಮವಾದ ನೀತಿ ಇಲ್ಲಿದೆ ಎನಿಸುತ್ತದೆ. ಹಾಸ್ಯಕ್ಕೋ ಪರೀಕ್ಷೆಗೋ ವೇಷ ಹಾಕಬಹುದು. ಒಪ್ಪಿಗೆಯನ್ನು ಮಾತ್ರ ವೇಷದಲ್ಲಿ ನಿಂತು ಪಡೆಯಬಾರದು.

ವೇಷ ಕಳಚದೇ ಉಳಿದರೆ ಏನಾಗುತ್ತದೆ ಎಂಬುದನ್ನು ಗಿರೀಶ ಕಾರ್ನಾಡರ 'ನಾಗಮಂಡಲ' ತೋರಿಸುತ್ತದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಕಾರ್ನಾಡರು ಕಟ್ಟಿದ ನಾಟಕ ಅದು. ಟಿ.ಎಸ್. ನಾಗಾಭರಣ 1997ರಲ್ಲಿ ಸಿನಿಮಾ ಮಾಡಿದ ಮೇಲೆ ನಾಟಕ ನೋಡದವರಿಗೂ ಪರಿಚಯವಾಯಿತು. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ, ಮಧ್ಯಾಹ್ನ ಊಟಕ್ಕೆ ಮಾತ್ರ ಬಂದು ಹೋಗುವವನು. ಗಂಡ ಒಲಿಯಲೆಂದು ಕುರುಡವ್ವ ಕೊಟ್ಟ ಬೇರು ಸಾರಿನೊಂದಿಗೆ ಹುತ್ತದ ಪಾಲಾಗಿ, ಒಲಿಯುವುದು ನಾಗ. ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರುತ್ತಾನೆ. ಅಪ್ಪಣ್ಣನಿಗಿಂತ ಒಳ್ಳೆಯ ಅಪ್ಪಣ್ಣ. ಅವಳ ಮಾತಿಗೆ ಕಿವಿಗೊಡುತ್ತಾನೆ, ಅವಳ ಹೆದರಿಕೆ ಬಿಡಿಸುತ್ತಾನೆ. ಅವನ ಕಟ್ಟಳೆ ಒಂದೇ: ಪ್ರಶ್ನೆ ಕೇಳಬೇಡ.

ಆ ಕಟ್ಟಳೆಯಲ್ಲೇ ಎಲ್ಲವೂ ಇದೆ. ನಾಗನ ಪ್ರೀತಿ ಸುಳ್ಳಲ್ಲ. ನಾಟಕದಲ್ಲಿ ಅವನಷ್ಟು ಪ್ರೀತಿಸಿದವರೇ ಇಲ್ಲ. ಆದರೆ ಅವನಿಗೆ ಬಂದ ಒಲವೆಲ್ಲ ಅಪ್ಪಣ್ಣನ ವಿಳಾಸಕ್ಕೆ ಬಂದದ್ದು. ತಾನು ಪಡೆದದ್ದನ್ನು ತನ್ನದೆಂದು ಹೇಳಿಕೊಳ್ಳಲು ಅವನಿಗೆ ಬಾಯಿಲ್ಲ. ನಾವು ಸಾಮಾನ್ಯವಾಗಿ ಇಲ್ಲಿಗೆ ನಿಂತು ನಾಗನಿಗಾಗಿ ಮರುಗುತ್ತೇವೆ. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ನಾಗನನ್ನು ನಾಗನೆಂದೇ ಬಯಸುತ್ತಿದ್ದಳೋ ಇಲ್ಲವೋ ಎಂದು ಹೇಳುವ ಅವಕಾಶವೇ ರಾಣಿಗೆ ಸಿಗಲಿಲ್ಲ. ಅವಳ ಪರವಾಗಿ ಅವನೇ ತೀರ್ಮಾನಿಸಿಬಿಟ್ಟ. ಹಗಲಲ್ಲಿ ಅಪ್ಪಣ್ಣ ಬೀಗ ಹಾಕಿ ಅವಳ ಆಯ್ಕೆಯನ್ನು ಕಸಿದುಕೊಂಡರೆ, ರಾತ್ರಿ ನಾಗ ಅಕ್ಕರೆ ತೋರಿ ಅದನ್ನೇ ಕಸಿದುಕೊಂಡ. ಒಲಿಸಿಕೊಳ್ಳಲು ತನ್ನನ್ನು ಮುಚ್ಚಿಟ್ಟುಕೊಳ್ಳುವವನು ತನ್ನನ್ನು ಮಾತ್ರ ಕೀಳು ಮಾಡಿಕೊಳ್ಳುವುದಿಲ್ಲ. 'ಇದನ್ನು ಒಪ್ಪುವಷ್ಟು ದೊಡ್ಡ ಮನಸ್ಸು ಅವಳದಲ್ಲ' ಎಂದು ಅವಳನ್ನೂ ಅಳೆದುಬಿಟ್ಟಿರುತ್ತಾನೆ, ಅವಳನ್ನು ಕೇಳದೆ.

ಈ ಅಳತೆ ಎಷ್ಟು ತಪ್ಪಬಹುದು ಎಂಬುದಕ್ಕೆ ಹೊಯ್ಸಳ ಆಸ್ಥಾನದ ಕವಿ ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯನ್ನು ನೋಡಬೇಕು. ರಾಜ ಯಶೋಧರನಲ್ಲಿ ಏನಿಲ್ಲ? ರೂಪ, ರಾಜ್ಯ, ಹೆಂಡತಿಯ ಮೇಲೆ ಪ್ರಾಣ. ಅಂಥವನ ಪಕ್ಕದಲ್ಲಿ ಮಲಗಿದ್ದ ಅಮೃತಮತಿ ಆನೆಲಾಯದ ಕಡೆಯಿಂದ ತೇಲಿಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಮೈಯೆಲ್ಲ ಸೊಟ್ಟಗಿರುವ ಮಾವುತ ಅಷ್ಟಾವಂಕ. ಅವನ ರೂಪ ಎಂಥದೆಂದು ತಿಳಿದ ಮೇಲೂ ಅವಳ ಮನಸ್ಸು ತಿರುಗುವುದಿಲ್ಲ. ಜನ್ನನ ಜೈನ ಕಾವ್ಯ ಇದನ್ನು ಪಾಪದ ದಾರಿಯೆಂದೇ ಕಾಣುತ್ತದೆ, ಕಥೆ ಕೊಲೆಯವರೆಗೆ ಹೋಗುತ್ತದೆ. ಆ ತೀರ್ಪನ್ನು ಒಪ್ಪಿಕೊಂಡೇ ಒಂದು ಮಾತು ಹೇಳಬಹುದು. ಒಲವು ಯಾವುದಕ್ಕೆ ಹೋಗಿ ಅಂಟುತ್ತದೆಂದು ಲೆಕ್ಕ ಹಾಕಿ ಅದಕ್ಕೆ ತಕ್ಕಂತೆ ತನ್ನನ್ನು ತಯಾರು ಮಾಡಿಕೊಳ್ಳುವವನು ಗಾಳಿಗೆ ಅಳತೆಯ ಅಂಗಿ ಹೊಲಿಯುತ್ತಿದ್ದಾನೆ. ಮೆಚ್ಚಿಸಲೆಂದು ನಾವು ತಿದ್ದಿ ತೀಡಿದ್ದನ್ನು ಎದುರಿನವರು ಗಮನಿಸದೇ ಹೋಗಬಹುದು. ನಾವು ನಾಚಿ ಅಡಗಿಸಿದ್ದೇ ಅವರ ಮನಸ್ಸು ಹುಡುಕುತ್ತಿದ್ದ ದನಿಯೂ ಆಗಿರಬಹುದು.

ಲೆಕ್ಕ ಸರಿಯಾಗಿಯೇ ಬಿತ್ತೆನ್ನಿ, ತೊಟ್ಟ ರೂಪಕ್ಕೆ ಒಲವೂ ದಕ್ಕಿತೆನ್ನಿ. ಅದನ್ನು ಎಷ್ಟು ದಿನ ಹೊರುವುದು? ಕಾರ್ನಾಡರದೇ 1971ರ 'ಹಯವದನ'ದಲ್ಲಿ ಕವಿ ದೇವದತ್ತನ ತಲೆಗೆ ಗೆಳೆಯ ಕಪಿಲನ ಕಟ್ಟುಮಸ್ತಾದ ಮೈ ಸೇರುತ್ತದೆ. ಪದ್ಮಿನಿಗೆ ಬೇಕಾದ ಬುದ್ಧಿಯೂ ಬೇಕಾದ ದೇಹವೂ ಒಬ್ಬನಲ್ಲೇ ಸಿಕ್ಕವು. ದಿನ ಕಳೆದಂತೆ ಆ ಮೈ ಮೆತ್ತಗಾಗುತ್ತದೆ, ದೇವದತ್ತನದೇ ಮೈ ಆಗುತ್ತದೆ. ಅತ್ತ ಕಾಡಿನಲ್ಲಿರುವ ಕಪಿಲನಿಗೆ ಬಂದ ದೇವದತ್ತನ ಮೆದು ಮೈ ಮತ್ತೆ ಗಟ್ಟಿಯಾಗುತ್ತದೆ. ಶಿವಗಂಗೆಯಲ್ಲಿ ಗಂಗಾಧರೇಶ್ವರನ ಲಿಂಗಕ್ಕೆ ಉಜ್ಜಿದ ತುಪ್ಪ ಬೆಣ್ಣೆಯಾಗುತ್ತದೆ ಎಂದು ಭಕ್ತರು ಹೇಳುತ್ತಾರೆ. ಅಲ್ಲಿ ಅದು ಪವಾಡ. ಸಂಸಾರದಲ್ಲಿ ಅದು ದಿನನಿತ್ಯದ ಸಂಗತಿ. ಮದುವೆಗೆ ಮೊದಲು ಕಾಯಿಸಿ ಸೋಸಿದ ನಡವಳಿಕೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಿಂದಿನ ರೂಪಕ್ಕೆ ಹೆಪ್ಪುಗಟ್ಟಿರುತ್ತದೆ. 'ಮದ್ವೆಗ್ ಮುಂಚೆ ಹಿಂಗಿರ್ಲಿಲ್ಲ' ಎಂಬ ದೂರು ಆಗ ಶುರುವಾಗುತ್ತದೆ. ಅವನು ಮುಂಚೆಯೂ ಹೀಗೇ ಇದ್ದ, ಕಾಣಿಸಿಕೊಂಡಿರಲಿಲ್ಲ.

ಇಲ್ಲಿಯವರೆಗೆ ತಾವಾಗಿ ಬದಲಾಗಲು ಹೊರಟವರ ಮಾತಾಯಿತು. ಬದಲಾಗೆಂದು ಊರೇ ಹೇಳುವ ಸಂದರ್ಭವೂ ಇದೆ, ಮತ್ತು ನಮ್ಮಲ್ಲಿ ಆ ಹೊರೆ ಹೊತ್ತವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಮನೆದೇವರು ಬದಲು, ಅಡುಗೆಯ ಹದ ಬದಲು, ಕೆಲವು ಸಮುದಾಯಗಳಲ್ಲಿ ಮದುವೆಯ ದಿನವೇ ಹೆಸರೂ ಬದಲು. ಗಂಡಿನ ಬದಲಾವಣೆ ಮದುವೆಯ ಹೊಸ್ತಿಲಲ್ಲಿ ಮುಗಿದರೆ ಹೆಣ್ಣಿನದು ಅಲ್ಲಿಂದ ಆರಂಭ. ಇದಕ್ಕೆ ಎದುರಾಗಿ ನಿಲ್ಲುವ ಒಂದು ನೆನಪು ಶಿವಗಂಗೆಯಲ್ಲೇ ಇದೆ.

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಶೈವ ತಂದೆ ಮಾರಸಿಂಗಯ್ಯ, ಜೈನ ತಾಯಿ ಮಾಚಿಕಬ್ಬೆ. ಬಿಟ್ಟಿದೇವನಾಗಿದ್ದ ಗಂಡ ರಾಮಾನುಜರ ಪ್ರಭಾವದಲ್ಲಿ ವೈಷ್ಣವನಾಗಿ ವಿಷ್ಣುವರ್ಧನನೆನಿಸಿದನೆಂಬುದು ಪ್ರತೀತಿ. ಬೇಲೂರಿನಲ್ಲಿ 1117ರಲ್ಲಿ ಅವನು ಚೆನ್ನಕೇಶವನನ್ನು ನಿಲ್ಲಿಸಿದಾಗ ಅದೇ ಆವರಣದಲ್ಲಿ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು ಈಕೆ. ಗಂಡನ ದೇವರಿಗೆ ಗುಡಿ ಕಟ್ಟಿಸಿದಳು, ತನ್ನ ಜಿನನನ್ನು ಬಿಡಲಿಲ್ಲ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿ, ಸವತಿಯರ ಪಾಲಿಗೆ ಮದ್ದಾನೆ ಎಂಬ ತನ್ನ ಬಿರುದನ್ನೇ ಅದಕ್ಕೆ ಇಟ್ಟಳು: ಸವತಿಗಂಧವಾರಣ ಬಸದಿ. ಗಂಡನನ್ನು ಮೆಚ್ಚಿಸಲು ಮೆತ್ತಗಾದವಳು ಇಡುವ ಹೆಸರಲ್ಲ ಅದು. ಅವಳ ಕುಣಿತವೂ ಸಿಟ್ಟೂ ಭಕ್ತಿಯೂ ಅವಳವೇ ಆಗಿ ಉಳಿದವು, ಅವಳು ಪಟ್ಟದರಸಿಯಾಗಿಯೂ ಉಳಿದಳು.

ಜನ ಹೇಳುವ ಕಥೆ ಬೇರೆ. ಬೆಟ್ಟದ ತುದಿಯ ಒಂದು ಕಡಿದಾದ ಅಂಚನ್ನು ತೋರಿಸಿ, ಶಾಂತಲೆ ಧುಮುಕಿದ್ದು ಇಲ್ಲಿಂದಲೇ ಎನ್ನುತ್ತಾರೆ. ಗಂಡನಿಗೆ ಮಗನನ್ನು ಕೊಡಲಾಗದ ನೋವಿಗೆ, ಅವನ ಬದುಕಿಗೆ ತಾನು ಅಡ್ಡಿಯಾಗಬಾರದೆಂದು ಪ್ರಾಣ ಬಿಟ್ಟಳು ಎನ್ನುವವರಿದ್ದಾರೆ. ಕಲ್ಲಿನಲ್ಲಿ ಕೆತ್ತಿಸಿ ಹೋದ ಹೆಂಗಸು ಗಟ್ಟಿಗಿತ್ತಿ. ಬಾಯಿಂದ ಬಾಯಿಗೆ ಬಂದವಳು ಪ್ರೀತಿಗಾಗಿ ತನ್ನನ್ನೇ ಅಳಿಸಿಕೊಂಡವಳು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮನಸ್ಸಿನ ಒಂದು ಚಟ ಕಾಣುತ್ತದೆ. ಒಲಿದವಳು ಕರಗಬೇಕು, ಕರಗದಿದ್ದರೆ ಅದು ಒಲವೇ ಅಲ್ಲ ಎಂದು ನಾವು ನಂಬಿದ್ದೇವೆ. ಹಾಗೆ ಕರಗದ ಹೆಣ್ಣು ಇತಿಹಾಸದಲ್ಲಿ ಸಿಕ್ಕರೆ, ಕಥೆಯಲ್ಲಾದರೂ ಅವಳನ್ನು ಬೆಟ್ಟದಿಂದ ಕೆಳಗೆ ಕಳಿಸುತ್ತೇವೆ.

ಗಿರಿಜೆ ಬದಲಾದಳು, ಶಾಂತಲೆ ಬದಲಾಗಲಿಲ್ಲ. ಇಬ್ಬರೂ ಒಲವಿಗೆ ಮೋಸ ಮಾಡಲಿಲ್ಲ. ನಾಗ ಎಷ್ಟೇ ಪ್ರೀತಿಸಿದರೂ ಮೋಸ ಮಾಡಿದ. ಬದಲಾಗುವುದೋ ಬಿಡುವುದೋ ಎಂಬುದರ ಮೇಲೆ ಒಲವಿನ ಪ್ರಾಮಾಣಿಕತೆ ನಿಂತಿಲ್ಲ ಎಂದಾಯಿತು. ಎದುರಿನವರಿಗೆ ಏನು ಕಾಣಿಸಿದೆವು, ಪ್ರಶ್ನೆ ಕೇಳಲು ಬಿಟ್ಟೆವೋ ಇಲ್ಲವೋ ಎಂಬುದರ ಮೇಲೆ ಅದು ನಿಂತಿದೆ. 'ನಾನು ಹೀಗಿದ್ದೆ, ನಿನಗಾಗಿ ಹೀಗಾಗಲು ನೋಡುತ್ತಿದ್ದೇನೆ, ಆಗದೆಯೂ ಹೋಗಬಹುದು' ಎಂದು ಹೇಳಿ ಬದಲಾಗುವವನು ತನ್ನ ಜೊತೆಗೆ ತನ್ನ ಹಳೆಯ ರೂಪವನ್ನೂ ಒಪ್ಪಿಸುತ್ತಾನೆ. ಬೇಡವೆನ್ನುವ ಹಕ್ಕನ್ನು ಅವಳ ಕೈಗೆ ಕೊಡುತ್ತಾನೆ. ಆ ಹಕ್ಕು ಇಲ್ಲದವಳು ಹೇಳುವ 'ಹೂಂ' ಅವನಿಗೆ ಸಂದದ್ದೂ ಅಲ್ಲ, ಅವಳು ಕೊಟ್ಟದ್ದೂ ಅಲ್ಲ.

ಹೀಗೆ ಹೇಳಿದರೆ ಅವಳು ಒಲಿಯುತ್ತಾಳೆಂಬ ಭರವಸೆ ಯಾರೂ ಕೊಡಲಾರರು. ಜಮೀನು ನೋಡಿಕೊಳ್ಳುವವನು ಬೇಡ ಎನ್ನುವ ಹುಡುಗಿಯನ್ನು ದೂರುವುದೂ ನ್ಯಾಯವಲ್ಲ. ಅವಳಿಗೂ ತನ್ನ ಬದುಕಿನ ಬಗ್ಗೆ ಒಂದು ಎಣಿಕೆ ಇದೆ, ಹೊಲದ ಮನೆಗೆ ಸೇರಿದ ತನ್ನ ತಾಯಿಯ ದುಡಿಮೆಯನ್ನು ಅವಳು ಕಂಡಿದ್ದಾಳೆ. ನಿಜ ತಿಳಿದು ಬೇಡವೆಂದವಳು ಅವನನ್ನು ಮನುಷ್ಯನೆಂದೇ ಎಣಿಸಿ ಉತ್ತರ ಕೊಟ್ಟಳು. ಆ ಉತ್ತರ ನೋಯಿಸುತ್ತದೆ. ಆದರೆ ಸುಳ್ಳು ರೂಪಕ್ಕೆ ಸಿಕ್ಕ ಒಪ್ಪಿಗೆಯನ್ನು ಬದುಕಿನುದ್ದಕ್ಕೂ ಕಾವಲು ಕಾಯಬೇಕು, ನಿಜಕ್ಕೆ ಸಿಕ್ಕ ನಿರಾಕರಣೆಯನ್ನು ಒಂದು ದಿನ ಮರೆಯಬಹುದು.