ವೈ-ಫೈ ಸೇರದ ಫೋನು: ದೋಷನಿರ್ಣಯದ ಮೀಮಾಂಸೆ

ವಿಷಯ

ಮನೆಯಲ್ಲಿ ವೈ-ಫೈ ಇದೆ, ಕೈಯಲ್ಲಿ ಫೋನಿದೆ, ಎರಡೂ ಕೂಡುತ್ತಿಲ್ಲ. ವಿಚಾರಕ್ಕೆ ಎತ್ತಿಕೊಂಡದ್ದು ಇಷ್ಟೇ. ಆದರೆ ಇದೊಂದು ತೊಡಕಿಗಾಗಿ ಗಟ್ಟಿಮುಟ್ಟಾದ ಫೋನನ್ನು ಮೂಲೆಗೆ ಹಾಕಿ ಸಾಲ ಮಾಡಿ ಹೊಸದು ಕೊಂಡವರಿದ್ದಾರೆ. ಪರವೂರಿನ ಮಗಳ ವಿಡಿಯೊ ಕರೆ ಬಾರದಿದ್ದಾಗ ‘ನನಗೇ ಬಳಸಲು ಬರುವುದಿಲ್ಲ’ ಎಂದು ತಮ್ಮನ್ನೇ ಹಳಿದುಕೊಳ್ಳುವ ಹಿರಿಯರಿದ್ದಾರೆ. ಆ ಖರ್ಚೂ ಈ ನೋವೂ ಬಹುಪಾಲು ಅನಗತ್ಯ. ಹುಡುಕುವ ಕ್ರಮ ಸರಿಯಿದ್ದರೆ ಎರಡನ್ನೂ ತಪ್ಪಿಸಬಹುದು ಎಂಬುದು ನನ್ನ ಪಕ್ಷ.

ಸಂಶಯ

ದೋಷ ಫೋನಿನದೋ, ರೂಟರಿನದೋ, ಹೊರಗಿನಿಂದ ಬಂದ ಕೇಬಲ್ಲಿನದೋ? ಎಲ್ಲರೂ ಮೊದಲು ಕೇಳುವುದು ಇದನ್ನೇ. ಆದರೆ ‘ಯಾರದು’ ಎಂದು ಕೇಳುವ ಮೊದಲು ‘ಎಲ್ಲಿ ನಿಂತಿತು’ ಎಂದು ಕೇಳಬೇಕು. ಫೋನು ಇಂಟರ್ನೆಟ್ ಮುಟ್ಟುವುದು ಒಂದೇ ನೆಗೆತದಲ್ಲಲ್ಲ, ನಾಲ್ಕು ಮೆಟ್ಟಿಲುಗಳಲ್ಲಿ. ನಿಂತ ಮೆಟ್ಟಿಲು ಗೊತ್ತಾದರೆ ದೋಷ ಯಾರದೆಂಬುದು ಹೆಚ್ಚಿನ ಸಲ ತಾನಾಗಿ ತಿಳಿಯುತ್ತದೆ.

ಸಿದ್ಧಾಂತ

ಮೊದಲನೆಯದು ಕಾಣುವುದು. ರೂಟರು ಸೆಕೆಂಡಿಗೆ ಸುಮಾರು ಹತ್ತು ಬಾರಿ ತನ್ನ ಹೆಸರನ್ನು ಗಾಳಿಯಲ್ಲಿ ಸಾರುತ್ತಿರುತ್ತದೆ. ಫೋನಿನ ಪಟ್ಟಿಯಲ್ಲಿ ಆ ಹೆಸರೇ ಇಲ್ಲವೆಂದರೆ ಪಾಸ್‌ವರ್ಡ್ ಬಗ್ಗೆ ತಲೆಕೆಡಿಸಿಕೊಳ್ಳುವುದು ವ್ಯರ್ಥ. 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಹಳೆಯ ಸಾಧನಕ್ಕೆ 5 ಗಿಗಾಹರ್ಟ್ಸ್‌ನಲ್ಲಿ ಸಾರಿದ ಹೆಸರು ಕಾಣುವುದೇ ಇಲ್ಲ. ನಮ್ಮಲ್ಲಿ ರೂಟರು 2.4ರ ಹದಿಮೂರನೆಯ ಚಾನೆಲ್‌ನಲ್ಲೂ ಕೂರಬಹುದು. ಅಮೆರಿಕಕ್ಕೆಂದು ತಯಾರಾದ ಸಾಧನಗಳಲ್ಲಿ ಕೆಲವು ಹನ್ನೊಂದರ ಆಚೆಗೆ ಹುಡುಕುವುದಿಲ್ಲ. ಅಲ್ಲಿಂದ ಮಗ ತಂದುಕೊಟ್ಟ ಫೋನೋ ಟ್ಯಾಬೋ ಇಲ್ಲಿ ಕುರುಡಾದರೆ ರೂಟರನ್ನು 1, 6 ಅಥವಾ 11ನೇ ಚಾನೆಲ್‌ಗೆ ಬದಲಿಸಿ ನೋಡಬೇಕು.

ಎರಡನೆಯದು ಒಪ್ಪಿಗೆ. ಪಾಸ್‌ವರ್ಡ್ ಗಾಳಿಯಲ್ಲಿ ಹಾಗೇ ಹರಿದುಹೋಗುತ್ತದೆಂದು ಹಲವರು ತಿಳಿದಿದ್ದಾರೆ. ಇಂದಿನ ಜಾಲಗಳಲ್ಲಿ ಹಾಗಿಲ್ಲ. ಫೋನೂ ರೂಟರೂ ತಂತಮ್ಮಲ್ಲೇ ಅದರಿಂದ ಕೀಲಿಯೊಂದನ್ನು ಲೆಕ್ಕ ಹಾಕಿ, ಇಬ್ಬರ ಲೆಕ್ಕವೂ ಒಂದೇ ಎಂಬುದನ್ನು ಸಂದೇಶಗಳ ಮೂಲಕ ಪರಸ್ಪರ ಸಾಬೀತುಪಡಿಸುತ್ತವೆ. ದೊಡ್ಡಕ್ಷರ, ಚಿಕ್ಕಕ್ಷರ ಒಂದು ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಕಣ್ಣಿನ ಗುರುತನ್ನು ಒತ್ತಿ, ಟೈಪಿಸಿದ್ದನ್ನು ಓದಿಕೊಂಡೇ ಮುಂದುವರಿಯಬೇಕು.

ಮೂರನೆಯದು ವಿಳಾಸ. ಒಳಗೆ ಬಂದ ಫೋನಿಗೆ ರೂಟರು ಐಪಿ ವಿಳಾಸ ಕೊಡುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ 192.168 ಎಂದು ಶುರುವಾಗುವಂಥದ್ದು. ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂದು ಸುತ್ತುತ್ತಲೇ ಇದ್ದರೆ, ಅಥವಾ ವಿವರದಲ್ಲಿ 169.254 ಎಂದು ಕಂಡರೆ, ಕೊಡುವವರು ಯಾರೂ ಸಿಗಲಿಲ್ಲವೆಂದೇ ಅರ್ಥ. ಇಲ್ಲಿ ಪಾಸ್‌ವರ್ಡನ್ನು ಮತ್ತೆ ಮತ್ತೆ ಹೊಡೆಯುವುದು ಬೇಡ. ಆ ಮೆಟ್ಟಿಲು ದಾಟಿಯಾಗಿದೆ.

ನಾಲ್ಕನೆಯದು ಹೊರದಾರಿ. ‘ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ’ ಎಂಬ ಮಾತು ಇಲ್ಲಿಯದು. ಫೈಬರ್ ಪೆಟ್ಟಿಗೆಯ ಮೇಲೆ ಲಾಸ್ (LOS) ದೀಪ ಕೆಂಪಾಗಿದ್ದರೆ ಬೆಳಕೇ ಮನೆಯವರೆಗೆ ಬರುತ್ತಿಲ್ಲ. ಫೋನಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ದೀಪ ಸರಿಯಿದ್ದು, ಬೇರೆ ಫೋನುಗಳಲ್ಲಿ ಎಲ್ಲ ತೆರೆಯುತ್ತ, ಈ ಫೋನಿನಲ್ಲಿ ಮಾತ್ರ ಜಾಲತಾಣಗಳು ‘ಸುರಕ್ಷಿತವಲ್ಲ’ ಎನ್ನುತ್ತಿದ್ದರೆ ಫೋನಿನ ತಾರೀಕು ನೋಡಬೇಕು. ಬಹುಕಾಲ ಚಾರ್ಜಿಲ್ಲದೆ ಬಿದ್ದಿದ್ದ ಫೋನು ಹಳೆಯ ತಾರೀಕಿಗೆ ಮರಳಿರಬಹುದು. ಆಗ ತಾಣಗಳ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ತಿಳಿದು ಅದನ್ನು ತಿರಸ್ಕರಿಸುತ್ತದೆ.

ಆಕ್ಷೇಪಗಳು

‘ಇಷ್ಟೆಲ್ಲ ಏಕೆ? ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ’ ಎಂಬುದು ಮೊದಲ ಆಕ್ಷೇಪ. ಹೋಗುತ್ತದೆ, ನಿಜ. ಅಪರೂಪಕ್ಕೊಮ್ಮೆ ಕೈಕೊಟ್ಟರೆ ಹಾಗೇ ಮಾಡಿ ಸುಮ್ಮನಿರಬಹುದು. ಪ್ರತಿದಿನ ಸಂಜೆ ಕೈಕೊಡುವಂಥದ್ದಾದರೆ ಅದು ಪರಿಹಾರವಲ್ಲ, ಮುಂದೂಡಿಕೆ. ರೂಟರು ಮತ್ತೆ ಎದ್ದಾಗ ಹೊಸ ಚಾನೆಲ್ ಆರಿಸಿಕೊಂಡಿರಬಹುದು, ವಿಳಾಸಗಳ ಪಟ್ಟಿ ಅಳಿಸಿರಬಹುದು, ಹೊರಗಿನ ಸಂಪರ್ಕ ಹೊಸದಾಗಿ ಕುದುರಿರಬಹುದು. ಯಾವುದರಿಂದ ಗುಣವಾಯಿತೆಂದು ಹೇಳಲು ಸಾಕ್ಷ್ಯವೇ ಉಳಿಯುವುದಿಲ್ಲ. ಆದ್ದರಿಂದ ಫೋನು ತೋರುವ ಮಾತನ್ನು ಮೊದಲು ಓದಿ, ಆಮೇಲೆ ಗುಂಡಿಗೆ ಕೈ ಹಾಕಬೇಕು. ರೂಟರಿನ ಹಿಂದಿನ ಸಣ್ಣ ತೂತಿನ ರೀಸೆಟ್ ಗುಂಡಿಯನ್ನಂತೂ ಮುಟ್ಟಲೇಬಾರದು. ಕೇಬಲ್‌ನವರು ತುಂಬಿಟ್ಟ ಲಾಗಿನ್ ವಿವರಗಳೂ ಅದರಿಂದ ಅಳಿಸಿಹೋಗಬಹುದು. ಆಗ ಒಂದು ಫೋನಿನ ತೊಂದರೆ ಇಡೀ ಮನೆಯದಾಗುತ್ತದೆ.

‘ಸಿಗ್ನಲ್ ಗೆರೆ ತುಂಬಿದೆಯಲ್ಲ, ವೈ-ಫೈ ಸರಿಯೇ ಇದೆ’ ಎಂಬುದು ಎರಡನೆಯದು. ಗೆರೆಗಳು ಹೇಳುವುದು ರೂಟರಿನ ದನಿ ಫೋನಿಗೆ ಎಷ್ಟು ಕೇಳುತ್ತಿದೆ ಎಂಬುದನ್ನಷ್ಟೇ. ಜಾತ್ರೆಯಲ್ಲಿ ಮೈಕಿನವನ ಕೂಗು ನಮಗೆ ಕೇಳಿಸುತ್ತದೆ, ನಮ್ಮ ಕೂಗು ಅವನಿಗೆ ಮುಟ್ಟುವುದಿಲ್ಲ. ಚಿಕ್ಕ ಬ್ಯಾಟರಿಯ ಫೋನಿನ ಪ್ರಸಾರಬಲ ಸಾಮಾನ್ಯವಾಗಿ ರೂಟರಿಗಿಂತ ಕಡಿಮೆ. ಹಿಂದಿನ ಕೋಣೆಯಲ್ಲಿ ಹೆಸರು ಕಾಣುತ್ತಿದ್ದೂ ಸೇರಲಾಗದಿದ್ದರೆ ರೂಟರಿನ ಪಕ್ಕಕ್ಕೇ ಹೋಗಿ ಒಮ್ಮೆ ಪ್ರಯತ್ನಿಸಬೇಕು. ಅಲ್ಲಿ ಸೇರಿದರೆ ದೋಷ ದೂರದ್ದು, ಗೋಡೆಯದ್ದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು: ‘ಮನೆಯ ಬೇರೆ ಫೋನುಗಳೆಲ್ಲ ಸೇರುತ್ತಿವೆ, ಹಾಗಾಗಿ ತಪ್ಪು ಈ ಫೋನಿನದೇ.’ ಅಂಗಡಿಯವರು ಹೊಸ ಫೋನು ಮಾರುವುದೂ ಇದೇ ತರ್ಕದ ಮೇಲೆ. ಇದು ಅರ್ಧ ತರ್ಕ. ಅನ್ವಯ (ಇದ್ದಲ್ಲಿ ಇರುವುದು) ಮಾತ್ರ ನೋಡಿ ವ್ಯತಿರೇಕವನ್ನು (ಇಲ್ಲದಲ್ಲಿ ಇಲ್ಲದಿರುವುದು) ಬಿಟ್ಟಂತಾಯಿತು. ಇದೇ ಫೋನನ್ನು ಇನ್ನೊಬ್ಬರ ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಬೇಕು. ಅಲ್ಲಿಯೂ ಸೇರದಿದ್ದರೆ ಫೋನಿನ ಮೇಲಿನ ಸಂದೇಹ ಗಟ್ಟಿ. ಅಲ್ಲಿ ಸಲೀಸಾಗಿ ಸೇರಿದರೆ ಫೋನೂ ಕೆಟ್ಟಿಲ್ಲ, ರೂಟರೂ ಕೆಟ್ಟಿಲ್ಲ. ಕೆಟ್ಟಿರುವುದು ಅವೆರಡರ ಹೊಂದಾಣಿಕೆ.

ಅಂಥ ಹೊಂದಾಣಿಕೆಯ ದೋಷಗಳು ಹಲವು. ಹೊಸ ರೂಟರನ್ನು 2018ರಲ್ಲಿ ಬಂದ ಡಬ್ಲ್ಯುಪಿಎ3 ಭದ್ರತೆಗೆ ಮಾತ್ರ ಕಟ್ಟಿಹಾಕಿದ್ದರೆ ಅದನ್ನು ಅರಿಯದ ಹಳೆಯ ಫೋನು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬರಲಾರದು. ಅದಕ್ಕೂ ಹಿಂದಿನ ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡನ್ನೂ ಒಪ್ಪುವ ಮಿಶ್ರ ಆಯ್ಕೆಗೆ ರೂಟರನ್ನು ತಿರುಗಿಸಬೇಕು. ಕೆಲವರು ರೂಟರಿನಲ್ಲಿ ಆಯ್ದ ಸಾಧನಗಳ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಬರೆದಿಟ್ಟು ಉಳಿದವನ್ನು ತಡೆದಿರುತ್ತಾರೆ. ಆದರೆ 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದಾಗಿನಿಂದ ಫೋನುಗಳು ಖಾಸಗಿತನಕ್ಕಾಗಿ ಕಾರ್ಖಾನೆಯ ಮ್ಯಾಕ್ ಬದಲು ಕಲ್ಪಿತ ವಿಳಾಸವನ್ನು ತೋರಿಸುತ್ತವೆ. ಪಟ್ಟಿಯಲ್ಲಿ ಹೆಸರಿದ್ದೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಆ ಜಾಲದ ಮಟ್ಟಿಗೆ ‘ಸಾಧನದ ಮ್ಯಾಕ್’ ಆರಿಸಿದರೆ ತೊಂದರೆ ಮುಗಿಯಿತು. ಇನ್ನು ರೂಟರಿನ ವಿಳಾಸಗಳ ಪಟ್ಟಿಯನ್ನು ತೀರ ಚಿಕ್ಕದಾಗಿ ಇಟ್ಟಿದ್ದರೆ, ಹಬ್ಬಕ್ಕೆ ನೆಂಟರು ಬಂದ ದಿನ ಕೊನೆಗೆ ಬಂದ ಫೋನಿಗೆ ವಿಳಾಸ ಉಳಿಯುವುದಿಲ್ಲ. ಆ ಫೋನು ಮಾಡಿದ ತಪ್ಪು ಕೊನೆಗೆ ಬಂದದ್ದೊಂದೇ. ಇವುಗಳಲ್ಲಿ ಯಾವುದಕ್ಕೂ ಹೊಸ ಫೋನು ಬೇಕಿಲ್ಲ.

‘ಸಾಮಾನ್ಯರು ಇದನ್ನೆಲ್ಲ ಕಲಿಯಬೇಕೆ?’ ಎಂಬುದು ನಾಲ್ಕನೆಯದು. ಎಲ್ಲವನ್ನೂ ಕಲಿಯಬೇಕಿಲ್ಲ. ಹೆಸರು ಕಾಣುತ್ತಿದೆಯೇ, ಪಾಸ್‌ವರ್ಡ್ ಒಪ್ಪಿತೇ, ವಿಳಾಸ ಸಿಕ್ಕಿತೇ, ದೀಪ ಯಾವ ಬಣ್ಣ — ಇಷ್ಟನ್ನು ನೋಡಿ ರಿಪೇರಿಯವನಿಗೆ ಹೇಳಿದರೆ ಸಾಕು. ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಿದವರಿಗೆ ಸಿಗುವುದು ಊಹೆಯ ಉತ್ತರ.

ಕಡೆಯ ಆಕ್ಷೇಪ: ‘ಹಳೆಯ ಸಾಧನ ಸೇರುವುದಿಲ್ಲವೆಂದರೆ ಪಾಸ್‌ವರ್ಡನ್ನೇ ತೆಗೆದುಬಿಡಬಹುದಲ್ಲ?’ ಕೂಡದು. ಹಾಗೆ ಬಿಟ್ಟರೆ ರಸ್ತೆಯಲ್ಲಿ ನಿಂತವರೂ ನಿಮ್ಮ ಸಂಪರ್ಕ ಬಳಸಬಹುದು, ಬಳಸಿ ಮಾಡಿದ್ದಕ್ಕೆ ಮೊದಲು ನಿಮ್ಮನ್ನೇ ಕೇಳುತ್ತಾರೆ. ವೆಪ್ ಎಂಬ ಹಳೆಯ ಬೀಗಕ್ಕೆ ಇಳಿಯುವುದೂ ಬೇಡ. ಅದು ಒಡೆಯುವಂಥದ್ದೆಂದು 2001ರಲ್ಲೇ ಸಾಬೀತಾಗಿದೆ. ಸಾಧನಕ್ಕೆ ಡಬ್ಲ್ಯುಪಿಎ2 ಬರುತ್ತಿದ್ದರೆ ರೂಟರಿನಲ್ಲಿ ಅತಿಥಿ ಜಾಲವೊಂದನ್ನು 2.4ರಲ್ಲಿ ತೆರೆದು, ಬೇರೆ ಪಾಸ್‌ವರ್ಡ್ ಇಟ್ಟು ಅದನ್ನಲ್ಲಿ ಸೇರಿಸಬೇಕು. ವೆಪ್ ಬಿಟ್ಟು ಬೇರೇನನ್ನೂ ಅರಿಯದ ಸಾಧನವಾದರೆ ಅದನ್ನು ವೈ-ಫೈಗೆ ಸೇರಿಸುವುದನ್ನೇ ಕೈಬಿಡಬೇಕು.